ಆಕ್ಸಲಾಟಲ್‌ನ ಊಟ

ರಾಧಾಬಾಯಿಯವರು ಪೆನ್ನಿನ ಮುಚ್ಚಳ ತೆಗೆದರು. ಆದರೆ ಸಹಿ ಮಾಡಲಿಲ್ಲ. ಅವರ ದೃಷ್ಟಿ ಫ್ಯಾಮಿಲಿ ರೂಮಿನ ಮೂಲೆಯ ಗಾಜಿನ ತೊಟ್ಟಿಯ ಮೇಲೆ ನೆಟ್ಟಿತ್ತು.

ಕಾಂತಪ್ಪ ಶೆಟ್ಟರು ಕರಾರಿನ ಕಾಗದವನ್ನು ಅವರತ್ತ ಇನ್ನಷ್ಟು ಸರಿಸಿದರು. ಭೋಸರಿಯಲ್ಲಿ ಇಪ್ಪತ್ತು ವರ್ಷಗಳಿಂದ ಅವರು ಹೋಟೆಲು ನಡೆಸುತ್ತಿದ್ದ ಜಾಗ ಈ ಹಿರಿಯ ಹೆಂಗಸಿನದು. ಐದು ವರ್ಷಕ್ಕೊಮ್ಮೆ ನವೀಕರಿಸುವ ಕರಾರಿನಲ್ಲಿ ಒಂದು ಷರತ್ತಿನ ಕೆಳಗೆ ಮಾತ್ರ ಎರಡು ಗೆರೆಗಳಿದ್ದವು: ಈ ಸೂರಿನಡಿ ಮಾಂಸಾಹಾರ ಕೂಡದು.

"ಇದೇನ್ರಿ ಶೆಟ್ರ, ಮೀನಿಗೆ ಕಾಲು ಬಂದಾವಲ್ಲ?"

"ಮೀನಲ್ಲ ಅಜ್ಜಿ, ಆಕ್ಸಲಾಟಲ್," ಎಂದಳು ಶೆಟ್ಟರ ಮಗಳು ರಕ್ಷಿತ. ಪ್ರಾಣಿಶಾಸ್ತ್ರ ಓದುತ್ತಿದ್ದ ಅವಳಿಗೆ ವಿವರಿಸುವ ಚಟ. "ಮೆಕ್ಸಿಕೋದ್ದು. ಕಪ್ಪೆಗೆ ದೂರದ ನೆಂಟ. ಸಾಯುವ ತನಕ ಮರಿಯ ಹಾಗೇ ನೀರಲ್ಲೇ ಇರ್ತದೆ. ಕಾಲು ತುಂಡಾದ್ರೆ ಮತ್ತೆ ಬೆಳೀತದೆ."

"ನನ್ನ ಮೊಣಕಾಲು ಬದಲ್ ಮಾಡ್ಸೂಕಿಂತ ಮೊದಲ ಇದನ್ನ ಕೇಳಬೇಕಿತ್ತು ನೋಡು."

ಈ ಪ್ರಾಣಿಗೆ ತಣ್ಣನೆಯ ನೀರು ಬೇಕು. ಶೆಟ್ಟರ ಬಳಿ ಏಸಿ ಇದ್ದದ್ದು ಫ್ಯಾಮಿಲಿ ರೂಮಿನಲ್ಲಿ ಮಾತ್ರ. ಹಾಗಾಗಿ ಅದು ಇಲ್ಲಿಗೆ ಬಂದಿತ್ತು. ತಲೆಯ ಎರಡೂ ಬದಿ ಗರಿಗಳಂಥ ಕಿವಿರು, ಸದಾ ನಗುತ್ತಿರುವಂಥ ಬಾಯಿ. ಅದನ್ನು ನೋಡಲೆಂದೇ ಭಾನುವಾರಗಳಂದು ಸಂಸಾರಗಳು ಸಾಲುಗಟ್ಟುತ್ತಿದ್ದವು. ಅದು ದಿನವೂ ಬೆಳಗ್ಗೆ, ಶಟರ್ ಎತ್ತುವ ಮೊದಲು, ರಕ್ಷಿತಳ ಕೈಯಿಂದ ನಾಲ್ಕು ಎರೆಹುಳು ನುಂಗುತ್ತದೆಂಬುದು ಅಪ್ಪ-ಮಗಳಿಗಷ್ಟೇ ಗೊತ್ತಿತ್ತು.

"ಏನ್ ತಿಂತದ ಇದು?" ರಾಧಾಬಾಯಿ ಕೇಳಿಯೇಬಿಟ್ಟರು.

ರಕ್ಷಿತ ಬಾಯಿ ತೆರೆಯುವಷ್ಟರಲ್ಲಿ ಶೆಟ್ಟರು ಹೇಳಿದರು: "ಪನೀರು."

"ತಿನಿಸಿ ತೋರಸ್ರಿ."

ಅಡುಗೆಮನೆಯಿಂದ ಒಂದು ತಟ್ಟೆ ಪನೀರು ಬಂತು. ಶೆಟ್ಟರು ಚಿಕ್ಕ ತುಂಡೊಂದನ್ನು ಇಕ್ಕುಳದಲ್ಲಿ ಹಿಡಿದು ನೀರಿಗಿಳಿಸಿದರು. ಪ್ರಾಣಿ ಅಲುಗಲಿಲ್ಲ. ಅವರ ಕೈ ನಡುಗಿತು, ತುಂಡೂ ನಡುಗಿತು. ಮಂದದೃಷ್ಟಿಯ ಆ ಜೀವಿ ಮೂಗಿನೆದುರು ಅಲುಗಾಡಿದ್ದನ್ನೆಲ್ಲ ಹುಳುವೆಂದೇ ಬಗೆಯುತ್ತದೆ. ಗಬಕ್ಕನೆ ಒಳಗೆಳೆದುಕೊಂಡಿತು.

"ಭಾಳ ಸಾತ್ವಿಕ ಅದ ರೀ," ಎಂದು ರಾಧಾಬಾಯಿ ಕಾಗದದತ್ತ ಬಾಗಿದರು. ಪೆನ್ನು ಕಾಗದ ಮುಟ್ಟಿತು.

ಅದೇ ಕ್ಷಣದಲ್ಲಿ ಆಕ್ಸಲಾಟಲ್ ತುಂಡನ್ನು ಹೊರಗೆ ಉಗುಳಿತು.

ಪೆನ್ನು ನಿಂತಿತು. "ಶೆಟ್ರ, ಪನೀರು ಹಳಸೇದ. ಮೂಕಪ್ರಾಣಿಗೆ ತಿಳೀತು. ಮಂದಿಗೂ ಇದನ್ನ ಹಾಕತೀರೇನು?"

ಪಕ್ಕದ ಮೇಜಿನವರು ಚಮಚ ಕೆಳಗಿಟ್ಟರು. ಶೆಟ್ಟರ ಮುಖ ಕೆಂಪೇರಿತು. ಆ ಪನೀರಿಗಾಗಿ ಅವರು ದಿನವೂ ನಸುಕಿಗೆದ್ದು, ಅಡುಗೆಯವರನ್ನೂ ನಂಬದೆ, ತಾವೇ ಹಾಲು ಒಡೆಸುತ್ತಿದ್ದರು. ಸುಮ್ಮನಿದ್ದರೆ ಜಾಗ ಉಳಿಯುತ್ತಿತ್ತೇನೋ. ನಾಳೆಯಿಂದ ತಾಜಾ ಹಾಕುತ್ತೇನೆ ಎಂದಿದ್ದರೂ ಸಾಕಿತ್ತು.

"ಅಪ್ಪಾ, ಬೇಡ," ಎಂದು ರಕ್ಷಿತ ಪಿಸುಗುಟ್ಟಿದಳು.

"ಎಂತ ಬೇಡ? ನನ್ನ ಪನೀರಿಗೆ ಕುಂದು ಹೇಳುವುದಾ?" ಶೆಟ್ಟರು ರಾಧಾಬಾಯಿಯವರತ್ತ ತಿರುಗಿದರು. "ಅಮ್ಮಾ, ಪನೀರು ಇವತ್ತು ಬೆಳಿಗ್ಗೆಯದ್ದು. ದೋಷ ಇರುವುದು ಇದರ ನಾಲಗೆಯಲ್ಲಿ. ಇದು ತಿನ್ನುವುದು ಎರೆಹುಳು. ದಿನಕ್ಕೆ ನಾಲ್ಕು. ಬೇಕಾದರೆ ನೀವೇ ಪನೀರು ತಿಂದು ನೋಡಿ."

ರಾಧಾಬಾಯಿ ತಟ್ಟೆಯಿಂದ ಒಂದು ತುಂಡು ತೆಗೆದು ಬಾಯಿಗಿಟ್ಟರು. ನಿಧಾನವಾಗಿ ಅಗಿದರು. ಇನ್ನೊಂದು ತೆಗೆದುಕೊಂಡರು. ಶೆಟ್ಟರು ಅವರ ಮುಖವನ್ನೇ ನೋಡುತ್ತಿದ್ದರು.

"ಪನೀರು ಭಾಳ ಛಲೋ ಅದ," ಎಂದರು ರಾಧಾಬಾಯಿ, ಸೆರಗಿನಿಂದ ತುಟಿ ಒರೆಸಿಕೊಳ್ಳುತ್ತ. "ತಿಂಗಳ ಕಡೀಕ ಜಾಗಾ ಖಾಲಿ ಮಾಡ್ರಿ."

ಮೊದಲ ಮಾತಿಗೆ ಶೆಟ್ಟರು ಅಭ್ಯಾಸಬಲದಿಂದ ಕೃತಜ್ಞತೆಯ ಕೈ ಮುಗಿದಿದ್ದರು. ಎರಡನೆಯದು ಕಿವಿಗೆ ಬಿದ್ದಾಗಲೂ ಅವು ಮುಗಿದೇ ಇದ್ದವು.