ಬಿಚ್ಚದ ಹೊಲಿಗೆಗೆ ಬಿದ್ದ ಚುಕ್ಕಿಗಳು

ಹರಿದ ಬ್ಯಾಗುಗಳನ್ನು ಗಿರಾಕಿಗಳ ಮನೆಯಿಂದ ತಂದು, ರಿಪೇರಿ ಮಾಡಿ, ವಾಪಸ್ ಮುಟ್ಟಿಸುವ ಹೊಸ ಕಂಪನಿ ಈ ಅಕ್ಕತಂಗಿಯರದು. ಹಿಂದಿನ ಕೋಣೆಯಲ್ಲಿ ಅಕ್ಕ ಹೊಲಿಯುತ್ತಾಳೆ, ಮುಂದಿನ ಕೋಣೆಯಲ್ಲಿ ತಂಗಿ ಮಾತಾಡುತ್ತಾಳೆ. ಕಂಪನಿಗೆ ಎಂಟು ತಿಂಗಳು, ಅಕ್ಕನ ಹೊಟ್ಟೆಕಿಚ್ಚಿಗೂ ಅಷ್ಟೇ ವಯಸ್ಸು. ಕತ್ತೆ ಹಾಗೆ ದುಡಿಯುವವಳು ಒಬ್ಬಳು, ಹೆಸರು ಗಳಿಸುವವಳು ಇನ್ನೊಬ್ಬಳು ಅಂದರೆ ಯಾರಿಗೆ ತಾನೇ ಉರಿಯುವುದಿಲ್ಲ?

ಬೋರ್ಡಿನ ಮೇಲೆ ಕಂಪನಿಯ ಗುರುತಾಗಿ ಏನು ಬರಬೇಕು ಎಂದು ತೀರ್ಮಾನಿಸಲು ಒಂದು ಡಿಸೈನ್ ಥಿಂಕಿಂಗ್ ಕಾರ್ಯಾಗಾರ ಇಟ್ಟುಕೊಂಡರು. ಅದನ್ನು ನಡೆಸಲು ಬಂದ ಡಿಸೈನರ್ ನಾಲ್ಕು ಜನ ಗಿರಾಕಿಗಳನ್ನೂ ಕೂರಿಸಿಕೊಂಡು, ಈ ಕಂಪನಿ ಅಂದರೆ ಮೊದಲು ಏನು ನೆನಪಾಗುತ್ತದೆ ಎಂದು ಚೀಟಿಗಳಲ್ಲಿ ಬರೆಸಿ ಗೋಡೆಗೆ ಅಂಟಿಸಿದ. ಹೆಸರು ಹಾಕುವಂತಿಲ್ಲ. ಜರಡಿ ಹಿಡಿದ ಮೇಲೆ ಗೋಡೆಯ ಮೇಲೆ ಉಳಿದದ್ದು ಮೂರು: ‘ನಗುಮುಖ’, ‘ಬಿಚ್ಚದ ಹೊಲಿಗೆ’, ‘ಹಳೆಯದನ್ನು ಎಸೆಯಬೇಡಿ’. ನಗು ಯಾರ ಮುಖದ್ದೆಂದು ಕೇಳಬೇಕಿರಲಿಲ್ಲ. ಹೊಲಿಗೆಯ ಚೀಟಿ ಬರೆದವಳು ಅಕ್ಕನೇ.

“ಒಬ್ಬೊಬ್ಬರಿಗೆ ಒಂದೊಂದು ಬಣ್ಣ, ಮೂರು ಮೂರು ಚುಕ್ಕಿ,” ಎಂದ ಡಿಸೈನರ್. “ಇಷ್ಟವಾದ ಚೀಟಿಗೆ ಅಂಟಿಸಿ. ಮೂರೂ ಒಂದಕ್ಕೇ ಹಾಕಿದ್ರೂ ಪರವಾಗಿಲ್ಲ. ಚಹಾ ಆದ್ಮೇಲೆ ಎಣಿಸೋಣ.”

ಅಕ್ಕ ತನ್ನ ಮೂರು ಹಳದಿ ಚುಕ್ಕಿಗಳನ್ನು ಹೊಲಿಗೆಗೇ ಅಂಟಿಸಿ ಚಹಾಕ್ಕೆ ನೀರಿಡಲು ಹೋದಳು. ಎಲ್ಲರೂ ಹಿಂದಿನ ಕೋಣೆಯಲ್ಲಿ ಲೋಟ ಹಿಡಿದಾಗ ಮೆಲ್ಲಗೆ ಗೋಡೆಯ ಹತ್ತಿರ ಬಂದು ಎಣಿಸಿದಳು. ನಗುಮುಖಕ್ಕೆ ಎಂಟು, ಹೊಲಿಗೆಗೆ ಏಳು. ಒಂದೇ ಒಂದು ಚುಕ್ಕಿಯಲ್ಲಿ ತಂಗಿಯ ಮುಖ ಬೋರ್ಡಿಗೇರಿ ಜೀವಮಾನವಿಡೀ ತನ್ನನ್ನು ನೋಡಿ ನಗುತ್ತಿರುತ್ತದೆ. ಅಕ್ಕ ಹಿಂದೆಮುಂದೆ ನೋಡಲಿಲ್ಲ. ಉಗುರಿನಿಂದ ನಗುಮುಖದ ಒಂದು ಚುಕ್ಕಿ ಎಬ್ಬಿಸಿ ತನ್ನ ಚೀಟಿಗೆ ಒತ್ತಿದಳು. ಅವಸರದಲ್ಲಿ ಬಣ್ಣದ ಕಡೆ ಗಮನವೇ ಇರಲಿಲ್ಲ.

ಡಿಸೈನರ್ ಎಣಿಸಿ ಹೊಲಿಗೆ ಗೆದ್ದಿತು ಎನ್ನುತ್ತಿದ್ದಂತೆ ಗಿರಾಕಿಗಳಲ್ಲೊಬ್ಬರಾದ ನಿವೃತ್ತ ಟೀಚರ್ ಕನ್ನಡಕ ಸರಿಮಾಡಿಕೊಂಡರು.

“ನನ್ನ ಮೂರು ನೀಲಿನೂ ನಗುಮುಖಕ್ಕೇ ಹಾಕಿದ್ದೆನಲ್ಲ. ಒಂದು ಇಲ್ಲಿಗೆ ಹೇಗೆ ಬಂತು?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅಕ್ಕ ಉಗುರನ್ನು ಸೆರಗಿಗೆ ಒರೆಸಿಕೊಂಡಳು. ತಂಗಿ ಅದನ್ನು ನೋಡಿದಳು.

“ನಾನೇ ಟೀಚರ್, ಕಿತ್ತು ಹಾಕಿದ್ದು,” ಎಂದಳು ತಂಗಿ. “ಅಕ್ಕನ ಹೊಲಿಗೆ ಗೆಲ್ಲಲಿ ಅಂತ ಆಸೆಯಾಯ್ತು. ತಪ್ಪಾಯ್ತು.”

“ನೋಡಿ, ಇಂಥ ಮನಸ್ಸಿಗೇ ನಾನು ಓಟು ಹಾಕಿದ್ದು,” ಎಂದರು ಟೀಚರ್. ಎಲ್ಲರೂ ನಕ್ಕರು. ನೀಲಿ ಚುಕ್ಕಿ ವಾಪಸ್ ಹೋಯಿತು, ನಗುಮುಖ ಗೆದ್ದಿತು. ಬಾಯಿಬಿಟ್ಟು ನಿಜ ಹೇಳಬಹುದಿತ್ತು, ಅಕ್ಕ ಹೇಳಲಿಲ್ಲ. ಕಳ್ಳತನ ತನ್ನದು, ಹೊಗಳಿಕೆ ಮಾತ್ರ ಅವಳಿಗೆ ಎಂದು ಮೈಯೆಲ್ಲ ಉರಿಯುತ್ತಿತ್ತು.

ಎಲ್ಲರೂ ಹೋದ ಮೇಲೆ ಚೀಟಿಗಳನ್ನು ತೆಗೆಯಲು ನಿಂತಾಗ ಬಣ್ಣ ಕಣ್ಣಿಗೆ ಬಿತ್ತು. ಹೊಲಿಗೆಯ ಏಳರಲ್ಲಿ ಮೂರು ಹಳದಿ, ಮೂರು ಕೆಂಪು, ಒಂದು ಹಸಿರು. ಕೆಂಪು ತಂಗಿಯ ಬಣ್ಣ.

ತಂಗಿ ಪಕ್ಕದಲ್ಲೇ ಲೋಟ ತೊಳೆಯುತ್ತಿದ್ದಳು. ಒಂದು ಮಾತು ಬೈದಿದ್ದರೆ ಅಕ್ಕನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಎಂಟು ತಿಂಗಳು ಬೆನ್ನು ಬಗ್ಗಿಸಿ ಹೊಲಿದದ್ದಕ್ಕೆ ಹೊರಗಿನವರಿಂದ ಬಂದದ್ದು ಒಂದೇ ಚುಕ್ಕಿ, ಉಳಿದ ಮರ್ಯಾದೆಯನ್ನೂ ತಂಗಿಯೇ ಕೊಟ್ಟಿದ್ದಳು.