ಬಾಗಿಲ ಹೊರಗೇ ಹಳಸಿದ ಬುತ್ತಿ

ಕೊಲ್ಲಿ ದೇಶದ ರಿಗ್ಗೈ ಬಡಾವಣೆಯ ಆ ಕಟ್ಟಡದ ಲಿಫ್ಟ್ ಕೆಟ್ಟು ತಿಂಗಳಾಗಿತ್ತು. ಈ ಉರಿಬಿಸಿಲಲ್ಲಿ ನಾಲ್ಕು ಮಹಡಿ ಹತ್ತಿ, ಬುತ್ತಿ ಹಿಡಿದು, ಗುರುತಿಲ್ಲದವರ ಬಾಗಿಲು ಬಡಿಯುತ್ತಾರೆಂದರೆ ಏನೋ ಮಸಲತ್ತು ಇರಲೇಬೇಕು. ಆಶಾಲತಾ ಹಾಗೆಂದೇ ನಂಬಿದ್ದಳು.

ಉಡುಪಿ ಕಡೆಯ ಕೊರಗ ಸಮುದಾಯದ ಹೆಣ್ಣುಮಗಳು ಅವಳು, ಏಳು ತಿಂಗಳ ಬಸುರಿ. ಗಂಡ ಧನರಾಜ್ ದೂರದ ಮೀನಾ ಅಬ್ದುಲ್ಲಾ ಕೈಗಾರಿಕಾ ಪ್ರದೇಶದಲ್ಲಿ ಫೋರ್‌ಮನ್. ಬೆಳಕು ಹರಿಯುವ ಮೊದಲೇ ಕಂಪನಿ ಬಸ್ಸು ಹತ್ತಿದರೆ ಬರುವುದು ಸಂಜೆಗೆ. ರಕ್ತ ಕಡಿಮೆ ಇದೆ, ಎರಡು ವಾರ ಬಿಟ್ಟು ಬಾ ಎಂದು ಕ್ಲಿನಿಕ್ಕಿನ ಡಾಕ್ಟರು ಹೇಳಿ ಆರು ವಾರವಾಗಿತ್ತು. ಅರಬಿ ಬಾರದು, ಒಬ್ಬಳೇ ಹೋಗಲು ಧೈರ್ಯವಿಲ್ಲ. ಮೆಟ್ಟಿಲ ಮೇಲೆ ಒಮ್ಮೆ ಕಣ್ಣು ಕತ್ತಲೆ ಬಂದದ್ದನ್ನು ಗಂಡನಿಗೂ ಹೇಳಿರಲಿಲ್ಲ.

ಬಾಗಿಲು ಬಡಿಯುತ್ತಿದ್ದವರು ಮೈಸೂರಿನ ಚಿತ್ರಾ. ಆಸ್ಪತ್ರೆಯೊಂದರಲ್ಲಿ ನರ್ಸ್. ರಜೆ ಸಿಕ್ಕಾಗ ಕನ್ನಡ ಮಹಿಳೆಯರ ನೆರವಿನ ಬಳಗದ ಪರವಾಗಿ ಮನೆಮನೆಗೆ ಹೋಗುತ್ತಿದ್ದರು. ಎರಡು ಶುಕ್ರವಾರ ಅವರು ಇಟ್ಟುಹೋದ ಪುಳಿಯೋಗರೆ ಹೊರಗೇ ಹಳಸಿತ್ತು.

"ಒಳ್ಳೆಯವರ ಹಾಗೆ ಕಾಣ್ತಾರೆ ಮಾರಾಯ್ತಿ" ಎಂದ ಧನರಾಜ್.

"ಹೌದೌದು! ಊರಲ್ಲಿ ಅಕ್ಕಿ ಚೀಲ ಕೊಟ್ಟು, ಫೋಟೋ ತೆಗ್ದು ಪೇಪರಿಗೆ ಹಾಕಿದವರೂ ಒಳ್ಳೆಯವರೇ. ನಾವು ಯಾರು ಅಂತ ಗೊತ್ತಾದ್ರೆ ಈ ಬಿಲ್ಡಿಂಗಿನವರು ಮತ್ತೆ ಮುಖ ಕೊಟ್ಟು ಮಾತಾಡ್ತಾರಾ?"

ಮೂರನೆಯ ಶುಕ್ರವಾರ ಧನರಾಜ್ ಬಾಗಿಲು ತೆರೆದೇಬಿಟ್ಟ, ಹೆಂಡತಿಯ ತಪಾಸಣೆ ತಪ್ಪಿರುವುದನ್ನೂ ಹೇಳಿದ. ಚಿತ್ರಾ ಡಬ್ಬಿ ಬಿಚ್ಚಿದರು. "ಒಂದ್ ತುತ್ತಾದ್ರೂ ತಿನ್ನಿ, ನಾನೇ ಮಾಡಿದ್ದು."

ಆಶಾಲತಾಗೆ ತಡೆಯಲಾಗಲಿಲ್ಲ. "ಇದ್ರಲ್ಲಿ ಎಂತ ಹಾಕಿದ್ದೀರಿ?"

"ಏನ್ ಹಾಕ್ತೀನಮ್ಮ? ಹುಣಸೆಹಣ್ಣು, ಕಡ್ಲೇಬೀಜ..."

"ನನ್ನ ಅಜ್ಜಿಗೆ ದೊಡ್ಡ ಮನೆಯವರು ಅನ್ನಕ್ಕೆ ಕೂದಲು, ಉಗುರು ಕಲಸಿ ತಿನ್ನಿಸಿದ್ರು ಮೇಡಂ. ಅವರ ಮನೆ ಬಸುರಿಯ ಕಂಟಕ ನಮಗೆ ದಾಟ್ಲಿ ಅಂತ. ಅಜಲು ಅಂತ ಹೇಳ್ತಾರೆ ಅದಕ್ಕೆ. ಈಗ ಕಾನೂನು ಉಂಟು. ಆದ್ರೆ ಯಾರೋ ಅನ್ನ ತಂದ್ರೆ ನನ್ನ ಗಂಟಲಲ್ಲಿ ಇಳಿಯುದಿಲ್ಲ."

ಚಿತ್ರಾ ಅವರ ಮುಖ ಬಿಳಿಚಿತು. ಅವರಿಗೆ ಇದು ನಿಜಕ್ಕೂ ಗೊತ್ತಿರಲಿಲ್ಲ. ಹಳೆಯದನ್ನೆಲ್ಲ ಮರೆತುಬಿಡಿ ಎಂದು ಬುದ್ಧಿ ಹೇಳಲು ಹೋಗಲಿಲ್ಲ, ಅದೇ ಪುಣ್ಯ. ಡಬ್ಬಿ ಮುಚ್ಚಿ ಚೀಲಕ್ಕೆ ಹಾಕಿಕೊಂಡರು.

"ತಪ್ಪಾಯ್ತು ಕಣಮ್ಮ, ಕೇಳ್ದೇ ತಂದ್ಬಿಟ್ಟೆ. ನಾನೂ ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ನಿಮ್ಮನೇಲಿ ಏನಿದ್ರೆ ಅದನ್ನೇ ಸ್ವಲ್ಪ ಹಾಕ್ತೀರಾ?"

ಇದೂ ನಾಟಕವೇ ಇರಬಹುದು ಎಂದುಕೊಳ್ಳುತ್ತ ಆಶಾಲತಾ ಕುಚ್ಚಲಕ್ಕಿ ಗಂಜಿ ಬಡಿಸಿದಳು. ಮೂಗು ಮುರಿಯುತ್ತಾರೋ ಎಂದು ನೋಡುತ್ತಲೇ ನಿಂತಳು. ಚಿತ್ರಾ ಬಟ್ಟಲು ಖಾಲಿ ಮಾಡಿ, ಇನ್ನೊಂದು ಸೌಟು ಕೇಳಿದರು. ಆಶಾಲತಾಗೆ ಅಳು ಬಂತು. ಅವಳ ಕೈಯ ಅಡುಗೆಯನ್ನು ಹೀಗೆ ಕೇಳಿ ತಿಂದ ಹೊರಗಿನವರು ಅದುವರೆಗೆ ಯಾರೂ ಇರಲಿಲ್ಲ.

ಆದರೂ ಕೇಳಿದಳು. "ಫೋಟೋ ತೆಗೀತೀರಾ?"

"ಇಲ್ಲ."

"ಜಾತಿ ಬರ್ಕೊಳ್ತೀರಾ?"

"ಅದ್ ನಮಗ್ಯಾಕೆ? ಭಾನುವಾರ ಕ್ಲಿನಿಕ್ಕಿಗೆ ಜೊತೇಲಿ ಬರ್ತೀನಿ. ಡಾಕ್ಟ್ರು ಹೇಳಿದ್ದನ್ನ ಕನ್ನಡದಲ್ಲಿ ಹೇಳ್ತೀನಿ. ಅಷ್ಟೇ."

"ನಾನು ಬೇಡ ಅಂದ್ರೆ?"

"ಮುಂದಿನ ವಾರ ಮತ್ತೆ ಬಂದು ಕೇಳ್ತೀನಿ."

ಭಾನುವಾರ ಇಬ್ಬರೂ ಹೋದರು. ಇನ್ನೂ ತಡವಾಗಿದ್ದರೆ ತಾಯಿ, ಮಗು ಇಬ್ಬರಿಗೂ ಅಪಾಯವಿತ್ತು ಎಂದರು ಡಾಕ್ಟರು. ಅಂದೇ ಚಿಕಿತ್ಸೆ ಶುರುವಾಯಿತು. ಸಂಜೆ ಓಡಿಬಂದ ಧನರಾಜ್‌ಗೆ ಆಶಾಲತಾ ಕಣ್ಣು ಕತ್ತಲೆ ಬಂದಿದ್ದ ಸಂಗತಿಯನ್ನೂ ಹೇಳಿದಳು. "ಇನ್ನು ಚಿತ್ರಕ್ಕ ಬಂದ್ರೆ ಬಾಗಿಲು ನಾನೇ ತೆಗೀತೇನೆ" ಎಂದಳು.

ಅಕ್ಕತಂಗಿಯರೇ, ಅನುಮಾನ ನಿಮ್ಮ ತಪ್ಪಲ್ಲ. ಅದನ್ನು ನಿಮಗೆ ಕಲಿಸಿದವರಿದ್ದಾರೆ. ನೆರವಿಗೆಂದು ಬಂದವರನ್ನು ಧಾರಾಳವಾಗಿ ಪ್ರಶ್ನೆ ಕೇಳಿ. ಫೋಟೋ ಬೇಡವೆನ್ನಿ, ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ, ಪಾಸ್‌ಪೋರ್ಟ್ ಕೈಬಿಡಬೇಡಿ. ಆದರೆ ಬಸುರಿಯ ತಪಾಸಣೆಯನ್ನು ಮಾತ್ರ ತಪ್ಪಿಸಬೇಡಿ.

ನೆರವಿಗೆ ಹೊರಟವರೇ, ಏನು ಬೇಕೆಂದು ಮೊದಲು ಕೇಳಿ. ಅವರ ಮನೆಯಲ್ಲಿ ಕೂತು ಉಣ್ಣಲು ನಿಮಗೆ ಮನಸ್ಸಿಲ್ಲದಿದ್ದರೆ, ದಯವಿಟ್ಟು ಹೋಗಲೇಬೇಡಿ.