ಅರವತ್ತಕ್ಕೆ ಕೊಯ್ದ ಪಟ್ಟಿ

ಮಗಳನ್ನು ಒಂದನೇ ತರಗತಿಗೆ ಸೇರಿಸಿದ ದಿನ ಅವಳಿಗೆ ಮಾತು ಕೊಟ್ಟಿದ್ದೆ: “ನಿನ್ನ ಪಾಠ ಎಲ್ಲಾ ನಾನೇ ಹೇಳ್ಕೊಡ್ತೀನಿ. ಇನ್ನೊಬ್ಬರ ಹತ್ರ ಕಳಿಸಲ್ಲ.”

ಈಗ ಅವಳು ಏಳನೇ ತರಗತಿಯಲ್ಲಿದ್ದಾಳೆ. ಫೋಟೋಗಳಿಗೆ ಕಟ್ಟು ಹಾಕುವ ನನ್ನ ಅಂಗಡಿಯಲ್ಲಿ ಪುಸ್ತಕ ಬಿಚ್ಚಿದರೆ ಆಕಳಿಕೆ. ಬಾಯಲ್ಲಿ ಮಹಡಿಯ ಮೇಲಿರುವ ನನ್ನ ತಂಗಿಯದೇ ಜಪ. ಆಡಲು ಹೋದಾಗ ಚಿಕ್ಕಮ್ಮ ಕತ್ತರಿ ತೆರೆದು, ಎದುರುಬದುರು ಕೋನ ಎರಡೂ ಸಮ ಎಂದು ತೋರಿಸಿದಳಂತೆ.

“ಚಿಕ್ಕಮ್ಮ ಬೈಯೋದೇ ಇಲ್ಲಮ್ಮ.”

ದಿನಕ್ಕೆ ಅರ್ಧ ಗಂಟೆ ಸಿಗುವ ಮಗುವನ್ನು ಯಾರು ಬೈಯುತ್ತಾರೆ? ಊಟ, ಸ್ನಾನ, ಯೂನಿಫಾರ್ಮಿಗೆ ನಾನು, ನಗುವುದಕ್ಕೆ ಅವಳು. ಪುಸ್ತಕವನ್ನು ಮಾತ್ರ ಮೇಲೆ ಒಯ್ಯಲು ನಾನು ಬಿಟ್ಟಿರಲಿಲ್ಲ.

ಶಾಲೆಗೆ ಆರು ಮೂಲೆಯ ಕನ್ನಡಿಯೊಂದನ್ನು ಕಟ್ಟು ಹಾಕಿ ಒಯ್ಯಬೇಕಿತ್ತು. ಇದರಲ್ಲಾದರೂ ತಂಗಿಗೆ ಜಾಗವಿಲ್ಲ ಎಂದು ಒಳಗೊಳಗೇ ಹಿಗ್ಗಿದೆ.

“ಮೂಲೆ ನೂರಿಪ್ಪತ್ತು ಡಿಗ್ರಿ. ಒಂದೊಂದು ಮರದ ಪಟ್ಟಿಗೆ ಅದರಲ್ಲಿ ಅರ್ಧ, ಅರವತ್ತು,” ಎಂದಳು ಮಗಳು. “ಚಿಕ್ಕಮ್ಮನ್ನ ಒಂದ್ಸಲ ಕೇಳೋಣ್ವಾ?”

“ಮರ ಕೊಯ್ಯೋದನ್ನ ಅವಳು ನನಗೆ ಕಲಿಸ್ಬೇಕಾ?”

ಗರಗಸದಲ್ಲಿ ಕೋನ ತೋರಿಸುವ ಮುಳ್ಳನ್ನು ಅರವತ್ತಕ್ಕೆ ತಿರುಗಿಸಿ ಆರೂ ಪಟ್ಟಿ ಕೊಯ್ದೆ. ಜೋಡಿಸಿದರೆ ಮೂರೇ ಪಟ್ಟಿಗೆ ಕಟ್ಟು ಮುಚ್ಚಿಕೊಂಡಿತು. ತ್ರಿಕೋನ! ಮಗಳು ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಮೆಟ್ಟಿಲು ಹತ್ತಿ ಚಿಕ್ಕಮ್ಮನನ್ನು ಕರೆತಂದಳು.

ತಂಗಿ ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು.

“ಅಕ್ಕಾ, ನೇರ ಕೊಯ್ಯುವಾಗ ಮುಳ್ಳು ಎಲ್ಲಿರುತ್ತೆ?”

“ಸೊನ್ನೇಲಿ.”

“ಆಗ ಪಟ್ಟಿ ಮೂಲೆ ಎಷ್ಟು?”

“ತೊಂಬತ್ತು...”

ಹೇಳುತ್ತಲೇ ಹೊಳೆಯಿತು. ಮುಳ್ಳು ತೋರಿಸುವುದು ಪಟ್ಟಿಯ ಮೂಲೆಯನ್ನಲ್ಲ, ತೊಂಬತ್ತರಲ್ಲಿ ಅದನ್ನು ಕಳೆದು ಉಳಿದದ್ದನ್ನು. ನಾನು ಹಾಕುತ್ತಿದ್ದುದೆಲ್ಲ ನಾಲ್ಕು ಮೂಲೆಯ ಕಟ್ಟು. ಅದಕ್ಕೆ ನಲವತ್ತೈದು, ಉಳಿದದ್ದೂ ನಲವತ್ತೈದೇ. ಎರಡೂ ಬೇರೆ ಬೇರೆ ಎಂದು ತಿಳಿಯುವ ಪ್ರಮೇಯವೇ ಬಂದಿರಲಿಲ್ಲ.

“ಪೂರಕ ಕೋನ!” ಎಂದು ಮಗಳು ಕೂಗಿದಳು. ಕೂಗಿದ್ದು ಚಿಕ್ಕಮ್ಮನ ಮುಖ ನೋಡಿ.

ಮುಳ್ಳನ್ನು ಮೂವತ್ತಕ್ಕಿಟ್ಟು ಹೊಸ ಪಟ್ಟಿ ಕೊಯ್ದೆ. ಮೂಲೆಗಳು ಕೂದಲೂ ತೂರದಂತೆ ಕೂಡಿಕೊಂಡವು. ನನ್ನ ಹೊಟ್ಟೆಕಿಚ್ಚು ಮಾತ್ರ ಆರಲಿಲ್ಲ.

“ಗಣಿತದ ಪುಸ್ತಕ ತಗೋ,” ಎಂದೆ, ಮರದ ಪುಡಿ ಒರೆಸುತ್ತಾ. “ಇನ್ಮೇಲೆ ಮೇಲೇ ಓದ್ಕೋ.”

“ನಿಜವಾಗ್ಲೂ?” ಎಂದವಳು ನನ್ನ ಉತ್ತರಕ್ಕೂ ಕಾಯಲಿಲ್ಲ. ತಂಗಿಯ ಕೈ ಹಿಡಿದು ಹತ್ತಿಹೋದಳು.

ಕೊಟ್ಟ ಮಾತನ್ನು ನಾನೇ ಮುರಿದೆ.